ನನ್ನ ವೆಬ್‌ಪುಟ ನುಂಗಿದ ಸೊನ್ನೆ

ನನಗೊಂದು ಕೆಟ್ಟ ಚಟವಿದೆ. ನಾನು ಮಾಡಿದ್ದರಲ್ಲಿ ತಪ್ಪು ಕಂಡರೆ, ಮೊದಲು ಸುತ್ತಮುತ್ತ ಯಾರಿದ್ದಾರೆಂದು ನೋಡುತ್ತೇನೆ. ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನ ಮೇಲೆ, ಬಸ್ಸು ತಪ್ಪಿದರೆ ಡ್ರೈವರನ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತೇನೆ. ಇಂಥ ನಾನು ಬಬಲೇಶ್ವರದ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಬೇಸಿಗೆ ರಜೆ ಪೂರಾ ಕೂತು ಒಂದು ವೆಬ್‌ಪುಟವನ್ನೂ ಮಾಡಿದೆ. ಮಕ್ಕಳು ಮೊಬೈಲಿನಲ್ಲಿ ಬೀಜಗಣಿತದ ಸಮೀಕರಣ ಬರೆದರೆ ಅದು ಹಂತಹಂತವಾಗಿ ಬಿಡಿಸಿ ತೋರಿಸುತ್ತದೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ನಮ್ಮ ಓಣಿಯಲ್ಲಿ ಇದನ್ನು ನಾನು ತೋರಿಸದ ಮನೆಯಿಲ್ಲ. ಕಿರಾಣಿ ಅಂಗಡಿಯವರು ಮಾತ್ರ “ಇದು ಶೇಂಗಾ ತೂಗ್ತೈತೇನ್ರಿ ಸರ್?” ಎಂದು ಕೇಳಿ ನನ್ನ ಉತ್ಸಾಹಕ್ಕೆ ತಣ್ಣೀರೆರಚಿದರು.

ಒಂದು ಕಿರುಪರೀಕ್ಷೆಯಲ್ಲಿ x² = 5x ಎಂಬ ಲೆಕ್ಕ ಕೊಟ್ಟಿದ್ದೆ. ತಿದ್ದುವಾಗ ಬೇಸರ ಬಂದು ನನ್ನ ಪುಟವನ್ನೇ ಕೇಳಿದೆ. x = 5 ಎಂದಿತು. ನಿಡೋಣಿಯಿಂದ ಬರುವ ಸಾವಿತ್ರಿ 0 ಮತ್ತು 5 ಎಂದು ಎರಡು ಉತ್ತರ ಬರೆದಿದ್ದಳು. ಸೊನ್ನೆಗೆ ಕೆಂಪು ಗೀಟು ಎಳೆದೆ. ಮರುದಿನ ಅವಳು ಎದ್ದು ನಿಂತು, “ಸೊನ್ನಿ ಇಟ್ಟ ನೋಡ್ರಿ ಸರ್, ಎರಡೂ ಕಡಿ ಸೊನ್ನಿನ ಬರ್ತೈತಿ” ಎಂದಳು. ನೋಡಿದೆ, ಬಂತು! ಆದರೂ ಬಾಯಿಂದ ಹೊರಟದ್ದು, “ನೆಟ್‌ವರ್ಕ್ ಸರಿ ಇಲ್ಲ, ಕುಂದರವಾ.” ಹುಡುಗರು ನಕ್ಕರು. ಅವಳ ಮುಖ ಸಣ್ಣದಾಯಿತು. ಅಂದಿನಿಂದ ಅವಳು ಕೈ ಎತ್ತುವುದನ್ನೇ ಬಿಟ್ಟಳು. ಇಡೀ ತರಗತಿಯಲ್ಲಿ ಪ್ರಶ್ನೆ ಕೇಳುತ್ತಿದ್ದವಳು ಅವಳೊಬ್ಬಳೇ, ನನಗೆ ಪಾಠವೇ ಸಪ್ಪಗಾಯಿತು.

ಕೊನೆಗೆ ನಮ್ಮ ಕಂಪ್ಯೂಟರ್ ಉಪನ್ಯಾಸಕಿ ಶಾಹೀನ್ ಮೇಡಂ ಅವರಿಗೆ, ನೆಟ್‌ವರ್ಕಿನದೇ ತೊಂದರೆ ಎನ್ನುತ್ತ, ಪುಟದ ಒಳಗಿನ ಕೋಡ್ ತೋರಿಸಿದೆ. ಅವರು ಹಣೆ ಬಡಿದುಕೊಂಡರು. “ಏನ್ರಿ ಸರ್ ಇದು! ಅಡಗಿ ಮನ್ಯಾಗ ಹಾಸಗಿ ಹಾಸಿ, ಅದರ ಮ್ಯಾಲ ಭಾಂಡೆ ಇಟ್ಟಂಗ ಆಗೇತಲ್ರಿ. ಲೆಕ್ಕ ಓದೂದು, ಬಿಡಸೂದು, ಉತ್ತರ ತೋರಸೂದು ಬ್ಯಾರೆ ಬ್ಯಾರೆ ಇರ್ಲಿ. ಎಲ್ಲಿ ಕೆಟ್ಟೇತಿ ಅನ್ನೂದು ಆಗ ತಿಳಿತೈತಿ.” ನನಗೆ ಬೇಡವಾಗಿದ್ದದ್ದೇ ಅದು!

ಒಂದು ವಾರ ಊಟದ ಬಿಡುವಿನಲ್ಲಿ ಕೂತು ಮೂರು ಭಾಗ ಮಾಡಿದೆವು. ಓದುವ ಭಾಗ ಸರಿಯಾಗಿತ್ತು. ತೋರಿಸುವ ಭಾಗವೂ ಸರಿಯಾಗಿತ್ತು. ಉಳಿದದ್ದು ಬಿಡಿಸುವ ಭಾಗ. ಅಲ್ಲಿ ನಾನೇ ಬರೆದ ನಿಯಮ ಕಣ್ಣು ಬಿಟ್ಟುಕೊಂಡು ಕೂತಿತ್ತು: ಎರಡೂ ಕಡೆ x ಇದ್ದರೆ ಹೊಡೆದುಹಾಕು. ಹೊಡೆಯುವುದೆಂದರೆ x ನಿಂದ ಭಾಗಿಸುವುದು, ಆ x ಸೊನ್ನೆಯೇ ಆಗಿದ್ದರೆ? ಸೊನ್ನೆಯಿಂದ ಭಾಗಿಸಬಾರದೆಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವನು ನಾನೇ! “ನೆಟ್‌ವರ್ಕ್ ಅಂದಿದ್ರಲ್ರಿ ಸರ್?” ಎಂದು ಮೇಡಂ ಚಹಾ ಹೀರುತ್ತ ಕೇಳಿದರು. ಆ ನಿಯಮ ತೆಗೆದುಹಾಕಿದೆವು.

ಮರುದಿನ ತರಗತಿಯಲ್ಲಿ, “ಸಾವಿತ್ರಿದು ಖರೆ, ತಪ್ಪು ನಂದು” ಎಂದೆ. ಹೇಳಿದ ಮೇಲೆ ಮೈ ಹಗುರಾಯಿತು. ಆ ಹುಮ್ಮಸ್ಸಿನಲ್ಲೇ ಬೋರ್ಡಿನ ಮೇಲೆ x² = 7x ಬರೆದು ಬಿಡಿಸಹೊರಟೆ. ಹಳೆಯ ಕೈ, ತನ್ನ ಪಾಡಿಗೆ ತಾನು ಎರಡೂ ಕಡೆಯ x ಹೊಡೆದುಹಾಕಿತು. ತಿರುಗಿ ನೋಡಿದರೆ ಸಾವಿತ್ರಿಯ ಕೈ ಮೇಲಿತ್ತು.

“ಸರ್, ನೀವ್ ಕುಂದರ್ರಿ. ನಾ ಬಿಡಸ್ತೇನಿ” ಎಂದು ಬಂದು ಸೀಮೆಸುಣ್ಣ ತೆಗೆದುಕೊಂಡಳು. ನಾನು ಹೋಗಿ ಅವಳ ಜಾಗದಲ್ಲಿ ಕೂತು, ಅವಳದೇ ಪೆನ್ನಿನಿಂದ ನೋಟ್ಸ್ ಬರೆದುಕೊಂಡೆ.