ಕ್ಲೆಗ್ ಸಾಹೇಬರ ವಂಶವೃಕ್ಷ, ರಿವಿಷನ್ ಒಂದು

ಕಾನ್ರಾಡ್ ಮೊಂತೇರೊ ಪಟ್ಟ ಪಾಡಿಗೆಲ್ಲ ಮೂಲ, ಇಂಗ್ಲೆಂಡಿನ ಜನಗಣತಿ ಗುಮಾಸ್ತನೊಬ್ಬ ೧೮೮೧ರಲ್ಲಿ ಬರೆದಿಟ್ಟ ಒಂದೇ ಒಂದು ಸಾಲು. ಅಕ್ಷರವೇನೋ ಕೋಳಿ ಕೆದರಿದ ಹಾಗಿತ್ತು. ಇನ್ನೂ ಸ್ವಲ್ಪ ಕೆಟ್ಟದಾಗಿದ್ದು ಓದಲು ಬಾರದೇ ಹೋಗಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಕಾನ್ರಾಡ್ ದುಬೈಯಲ್ಲಿ ಹದಿನೆಂಟು ವರ್ಷಗಳಿಂದ ಡ್ರಾಯಿಂಗು, ಕಾಗದಪತ್ರಗಳ ಲೆಕ್ಕ ಇಡುವ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದವನು. ಇಂಜಿನಿಯರುಗಳ ಕೈಬರಹವನ್ನೇ ಜೀರ್ಣಿಸಿಕೊಂಡವನಿಗೆ ಗುಮಾಸ್ತನದು ಯಾವ ಲೆಕ್ಕ?

ಬುಧವಾರ ಸಂಜೆ ಆಫೀಸು ಖಾಲಿಯಾದ ಮೇಲೆ ಆ ಪುಟವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಸಾಲು ಬದಲಾಗಲಿಲ್ಲ.

‘ಜೋಸೆಫ್ ಕ್ಲೆಗ್. ವಯಸ್ಸು ಮೂವತ್ತೆಂಟು. ಉದ್ಯೋಗ: ನಾಕರ್-ಅಪ್.’

ಹಾಗೆಂದರೇನೆಂದು ಹುಡುಕಿ ನೋಡಿದ. ಗಡಿಯಾರ ಕೊಳ್ಳಲು ಗತಿಯಿಲ್ಲದ ಗಿರಣಿ ಕೂಲಿಗಳನ್ನು ಬೆಳಗಿನ ಜಾವ ಎಬ್ಬಿಸುವ ಕೆಲಸವಂತೆ. ಉದ್ದನೆಯ ಕೋಲು ಹಿಡಿದು ಬೀದಿ ಬೀದಿ ಸುತ್ತುವುದು, ಕಿಟಕಿ ತಟ್ಟುವುದು, ಒಳಗಿನವರು ಎದ್ದು ಮುಖ ತೋರಿಸುವವರೆಗೂ ತಟ್ಟುತ್ತಲೇ ಇರುವುದು. ಹೆಂಡತಿ ಎಲೆನ್ ಊರವರ ಬಟ್ಟೆ ಒಗೆಯುವವಳು. ಹಿರಿಯ ಮಗ ಆಲ್ಬರ್ಟನಿಗೆ ಹತ್ತು ವರ್ಷ. ಅರ್ಧ ದಿನ ಶಾಲೆ, ಇನ್ನರ್ಧ ದಿನ ಹತ್ತಿ ಗಿರಣಿಯಲ್ಲಿ ಗುಡಿಸುವುದು. ಇನ್ನೂ ಮೂರು ಮಕ್ಕಳು, ಒಬ್ಬಳು ಅತ್ತೆ, ಇವರ ಜತೆಗೆ ನಾಲ್ಕು ಮಂದಿ ಬಾಡಿಗೆಯವರು. ಹನ್ನೊಂದು ಜನರ ವಾಸ ಒಂದು ನೆಲಮಾಳಿಗೆಯಲ್ಲಿ.

ನಿಜ ಹೇಳಬೇಕೆಂದರೆ, ಕಾನ್ರಾಡನಿಗೆ ಆ ಕುಟುಂಬದ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು. ದುಬೈಗೆ ಬಂದ ಹೊಸತರಲ್ಲಿ ಅವನೂ ಕರಾಮಾದ ಒಂದು ಕೋಣೆಯಲ್ಲಿ ಹನ್ನೊಂದನೆಯವನಾಗಿ, ಮಲಗುವಷ್ಟೇ ಜಾಗ ಬಾಡಿಗೆಗೆ ಸಿಗುವ ಬೆಡ್ ಸ್ಪೇಸಿನಲ್ಲಿದ್ದ. ಫ್ರಿಜ್ಜಿನೊಳಗೆ ಮೊಸರಿನ ಡಬ್ಬದ ಮೇಲೂ ಹೆಸರು ಬರೆದಿಡಬೇಕಾಗಿದ್ದ ಕಾಲ ಅದು. ಜೋಸೆಫ್ ಯಾಕೆ ನಾಲ್ವರನ್ನು ಒಳಗೆ ಸೇರಿಸಿಕೊಂಡ ಎಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಈ ಜೋಸೆಫ್ ಬೇರೆ ಯಾರೂ ಅಲ್ಲ, ಕಾನ್ರಾಡನ ಮ್ಯಾನೇಜರ್ ಕ್ಲೆಗ್ ಸಾಹೇಬರ ಮುತ್ತಜ್ಜನ ಅಪ್ಪ. ಆಲ್ಬರ್ಟನೇ ಮುತ್ತಜ್ಜ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿರುವ ಅವರ ಫ್ಯಾಕ್ಟರಿ ಗಗನಚುಂಬಿ ಕಟ್ಟಡಗಳಿಗೆ ಅಲ್ಯೂಮಿನಿಯಂ ಕಿಟಕಿ ಮಾಡಿ ಕೊಡುತ್ತದೆ. ಕ್ಲೆಗ್ ಸಾಹೇಬರು ಮರುದಿನ, ಗುರುವಾರ, ಅರವತ್ತಕ್ಕೆ ಕಾಲಿಡುವವರಿದ್ದರು. ಜುಲೈಯಲ್ಲೇ ಕಾನ್ರಾಡನನ್ನು ಕರೆದು, “ಕಳೆದುಹೋದ ಕಾಗದ ಹುಡುಕುವುದರಲ್ಲಿ ನೀನು ನಿಸ್ಸೀಮ. ನನ್ನ ಪೂರ್ವಜರನ್ನೂ ಹುಡುಕಿಕೊಡು. ನಮ್ಮದು ಹತ್ತಿಯ ಮನೆತನ. ಮುತ್ತಜ್ಜ ದೊಡ್ಡ ಗಿರಣಿ ನಡೆಸುತ್ತಿದ್ದ ಅಂತ ಅಮ್ಮ ಹೇಳುತ್ತಿದ್ದಳು,” ಎಂದಿದ್ದರು. ಕುರ್ಚಿಯ ಹಿಂದಿನ ಗೋಡೆಯಲ್ಲಿ ಹೊಗೆಯುಗುಳುವ ಗಿರಣಿಯ ಚಿತ್ರವೊಂದನ್ನು ತೂಗುಹಾಕಿ, ಬಂದವರಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದರು.

ಸಾಹೇಬರಿಗೆ ಇನ್ನೊಂದು ಚಾಳಿಯಿತ್ತು. ರಜೆಯ ದಿನವಾದ ಶುಕ್ರವಾರ ಒಂದನ್ನು ಬಿಟ್ಟು ಪ್ರತಿದಿನ ಬೆಳಗ್ಗೆ ಐದಕ್ಕೆ ಇಡೀ ಆಫೀಸಿಗೆ ವಾಟ್ಸಾಪ್: ‘ಎದ್ದಿದ್ದೀರಾ?’ ಉತ್ತರ ಕೊಡದವರಿಗೆ ಫೋನು.

ಇಷ್ಟೆಲ್ಲವನ್ನೂ ಕಾನ್ರಾಡ್ ಸಹಿಸಿಕೊಂಡದ್ದು ಒಂದು ಸಹಿಗಾಗಿ. ಜನವರಿ ಏಳಕ್ಕೆ ಮಂಗಳೂರಿನಲ್ಲಿ ತಮ್ಮ ಪ್ರಿಯನ್‌ನ ಮದುವೆ. ಅಪ್ಪ ಇಲ್ಲದ ಮನೆ. ಮುನ್ನಾ ದಿನದ ರೋಸ್ ಶಾಸ್ತ್ರದಲ್ಲಿ ಮದುಮಗನಿಗೆ ಮೊದಲು ತೆಂಗಿನ ಹಾಲು ಹಚ್ಚಬೇಕಾದವನು ಹಿರಿಯಣ್ಣ ಕಾನ್ರಾಡನೇ. ಮೂರು ಟಿಕೆಟು ಕೊಂಡಾಗಿತ್ತು, ಹೊಸ ಕೋಟು ಹೊಲಿಸಿಯಾಗಿತ್ತು. ಜನವರಿ ಎರಡರಿಂದ ಹದಿನಾರರವರೆಗಿನ ರಜೆಯ ಅರ್ಜಿ ಮಾತ್ರ ಮೂರು ವಾರಗಳಿಂದ ಸಾಹೇಬರ ಟ್ರೇಯಲ್ಲಿ ಮಲಗಿತ್ತು. ಸಾಹೇಬರು, ಕಾನ್ರಾಡ್ ಇಬ್ಬರಲ್ಲಿ ಒಬ್ಬರ ಸಹಿಯಿಲ್ಲದೆ ಒಂದು ಕಿಟಕಿಯೂ ಫ್ಯಾಕ್ಟರಿಯ ಗೇಟು ದಾಟುವಂತಿರಲಿಲ್ಲ. ಆದ್ದರಿಂದ ಇಬ್ಬರೂ ಒಟ್ಟಿಗೆ ರಜೆ ಹಾಕುವಂತಿರಲಿಲ್ಲ. ಅದೇನೂ ಕಾನ್ರಾಡನಿಗೆ ಚಿಂತೆಯ ವಿಷಯವಲ್ಲ. ಸಾಹೇಬರು ಇಂಗ್ಲೆಂಡಿಗೆ ಹೋಗದೆ ನಾಲ್ಕು ವರ್ಷವಾಗಿತ್ತು. “ಅಲ್ಲಿ ನನಗೆ ಯಾರಿದ್ದಾರೆ?” ಎನ್ನುತ್ತಿದ್ದರು.

ಗುರುವಾರ ಬೆಳಗ್ಗೆ ಮಿರ್ದಿಫ್‌ನ ಮನೆಯಿಂದ ಹೊರಡುವಾಗ ಹೆಂಡತಿ ಬೆಟ್ಟಿ ಬಾಗಿಲಲ್ಲೇ ತಡೆದಳು. “ಇವತ್ತು ಸಹಿ ಹಾಕಿಸ್ಕೊಂಡೇ ಬನ್ನಿ. ಇಲ್ಲದಿದ್ರೆ ಆಫೀಸಲ್ಲೇ ಮಲ್ಕೊಳ್ಳಿ.”

ಆಫೀಸಿನ ಚಹಾದ ಮೂಲೆಯಲ್ಲಿ ಅಹ್ಮದ್ ಕುಂಞಿ ಸಿಕ್ಕ. ವೀಸಾ, ಪಾಸ್‌ಪೋರ್ಟುಗಳ ಓಡಾಟವೆಲ್ಲ ಅವನದು. ಕೇಳಿದರೂ ಕೇಳದಿದ್ದರೂ ಸಲಹೆ ಕೊಡುವುದು ಅವನ ಸ್ವಭಾವ.

“ಎಂತ ಕಾನ್ರಾಡ್, ಮುಖ ಹುಳಿ ಮಜ್ಜಿಗೆ ಕುಡಿದ ಹಾಗೆ ಉಂಟು?”

ಕಾನ್ರಾಡ್ ಎಲ್ಲ ಒದರಿದ. “ಮೂರು ಗಂಟೆಗೆ ಕೇಕು. ಆಗ ವಂಶವೃಕ್ಷ ಫ್ರೇಮ್ ಹಾಕಿ ಕೊಡ್ಬೇಕು. ಇದನ್ನು ನೋಡಿದ್ರೆ ನನ್ನ ರಜೆ ಖಲಾಸ್, ಅಹ್ಮದಾಕ. ಅವರು ಗಿರಣಿ ಧಣಿ ಅಂತ ತಿಳ್ಕೊಂಡು ಕೂತಿದ್ದಾರೆ.”

ಅಹ್ಮದ್ ಕುಂಞಿ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ನಕ್ಕುಬಿಟ್ಟ. “ಇದಕ್ಕೆ ಹೆದರ್ಲಿಕ್ಕೆ ಎಂತ ಉಂಟು ಮಾರಾಯಾ? ಇದು ಬರೀ ವೀಸಾದ ಉದ್ಯೋಗ!”

“ವೀಸಾದ್ದಾ?”

“ಅಲ್ಲದೆ ಮತ್ತೆ? ಸರ್ಕಾರದ ಕಾಗದದಲ್ಲಿ ಯಾರಾದ್ರೂ ನಿಜವಾಗಿ ಮಾಡುವ ಕೆಲ್ಸ ಇರ್ತದಾ? ನಾನು ಮೊದಲು ಬಂದಾಗ ನನ್ನ ವೀಸಾದಲ್ಲಿ ಮೀನುಗಾರ ಅಂತ ಇತ್ತು. ನಾನು ಮೀನು ಹಿಡಿದದ್ದನ್ನು ನೀನು ನೋಡಿದ್ದೀಯಾ? ತಿಂದದ್ದು ಮಾತ್ರ. ನಮ್ಮ ಹಂಝ ಬಂದದ್ದು ಒಂಟೆ ಮೇಯಿಸುವ ವೀಸಾದಲ್ಲಿ. ಈಗ ಕಂಪ್ಯೂಟರ್ ರಿಪೇರಿ ಮಾಡ್ತಾನೆ. ಈ ಜೋಸೆಫನಿಗೆ ಸಿಕ್ಕಿದ್ದು ಎಬ್ಬಿಸುವ ವೀಸಾ. ಒಳಗೆ ಅವ ಮ್ಯಾನೇಜರೇ ಆಗಿದ್ನೋ ಏನೋ!”

“ಇಂಗ್ಲೆಂಡಿನವನಿಗೆ ಇಂಗ್ಲೆಂಡಿನಲ್ಲಿ ವೀಸಾ ಯಾಕೆ, ಅಹ್ಮದಾಕ?”

“ಆ ಕಾಲದಲ್ಲಿ ಹೇಗಿತ್ತೋ, ನೀನು ಹೋಗಿ ನೋಡಿದ್ದೀಯಾ?”

ಅಷ್ಟರಲ್ಲಿ ಡ್ರಾಯಿಂಗ್ ವಿಭಾಗದ ಜೆಸ್ಸಿಕಾ ಬಂದಳು. ಎರಡು ವರ್ಷದ ಹಿಂದೆ ಸೇರಿದ ಹುಡುಗಿ; ಕೆಲಸ ಕಲಿತದ್ದು ಕಾನ್ರಾಡನ ಬೈಗುಳದಲ್ಲಿ. ವಂಶವೃಕ್ಷವನ್ನು ಡ್ರಾಯಿಂಗಿನ ಹಾಗೆ ಚಂದವಾಗಿ ಬಿಡಿಸಿಟ್ಟಿದ್ದವಳು ಅವಳೇ. ವಿಷಯ ಕೇಳಿದ ಕೂಡಲೇ ಅವಳಿಗೂ ಹುರುಪು ಬಂತು.

“ಅಂಕಲ್, ಬಟ್ಟೆ ಒಗೆಯುವುದು ಅಂತ ಯಾಕೆ? ‘ಜವಳಿ ನಿರ್ವಹಣೆ’ ಅಂತ ಹಾಕುವ.”

“ಎಬ್ಬಿಸುವವನಿಗೆ ‘ಸಮಯಪಾಲನಾ ಮ್ಯಾನೇಜರ್’ ಹಾಕು,” ಎಂದ ಅಹ್ಮದ್ ಕುಂಞಿ. “ಬಾಡಿಗೆಯವರು ಬೇಡ, ‘ಮನೆಯ ಅತಿಥಿಗಳು’. ಆ ಸಣ್ಣವ, ‘ಹತ್ತನೇ ವಯಸ್ಸಿಗೇ ಹತ್ತಿ ಉದ್ಯಮ ಪ್ರವೇಶ’. ಸುಳ್ಳಾ ಇದು? ಅಲ್ಲ ಅಲ್ವಾ?”

ಕಾನ್ರಾಡನಿಗೆ ಮನಸ್ಸು ಒಪ್ಪಲಿಲ್ಲ. ದಾಖಲೆಯಲ್ಲಿರುವುದನ್ನು ತಿದ್ದುವುದೆಂದರೆ ಅವನಿಗೆ ಪೂಜೆಯ ಹೊತ್ತಿನಲ್ಲಿ ಇಗರ್ಜಿಯೊಳಗೆ ಸಿಳ್ಳೆ ಹಾಕಿದ ಹಾಗೆ. ಆದರೆ ಕಣ್ಣ ಮುಂದೆ ಬೆಟ್ಟಿ ಬಂದು ನಿಂತಳು, ಹಿಂದೆ ಹೊಸ ಕೋಟೂ ಬಂತು. “ಆಯ್ತು. ಏನೇನು ಬದಲಾಯಿಸ್ಬೇಕು ಅಂತ ಮೇಲ್ ಹಾಕ್ತೇನೆ,” ಎಂದು ಜೆಸ್ಸಿಕಾಳಿಗೆ ಹೇಳಿ, ಪಟ್ಟಿ ಮಾಡಿ ಕಳಿಸಿದ.

ಅಷ್ಟು ಹೊತ್ತಿಗೆ ಸಾಹೇಬರ ಕರೆ ಬಂತು. ಹಳೆಯ ಫೈಲುಗಳ ರಾಶಿ ಮುಂದಿಟ್ಟುಕೊಂಡು ಅವನನ್ನು ಮಧ್ಯಾಹ್ನದವರೆಗೂ ಏಳಗೊಡಲಿಲ್ಲ. ನಡುವೆ ಜೆಸ್ಸಿಕಾಳ ಫೋನು.

“ಅಂಕಲ್, ಕಾರಣ ಏನು ಅಂತ ಬರೀಲಿ?”

ಸಾಹೇಬರು ಎದುರಿಗೇ ಕೂತಿದ್ದರು. ಕಾನ್ರಾಡ್ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. “ಕಾರಣ ಎಂತ? ಎಲ್ಲದಕ್ಕೂ ಒಂದೇ. ಸಾಹೇಬರ ಮರ್ಯಾದೆ!” ಅವಳು ಯಾಕೆ ಕೇಳಿದಳೆಂದು ಯೋಚಿಸುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಪುರುಸೊತ್ತು ಸಿಕ್ಕಿದ್ದು ಮೂರಕ್ಕೆ ಹತ್ತು ನಿಮಿಷ ಇರುವಾಗ. ಊಟದ ಹಾಲ್‌ನಲ್ಲಿ ಬಣ್ಣದ ಕಾಗದ ಸುತ್ತಿದ ದೊಡ್ಡ ಫ್ರೇಮು ಕೇಕಿನ ಪಕ್ಕ ನಿಂತಿತ್ತು. ಜೆಸ್ಸಿಕಾ ಹೆಮ್ಮೆಯಿಂದ ಹೇಳಿದಳು, “ಎಲ್ಲಾ ನಿಮ್ಮ ಸರ್ಕ್ಯುಲರ್ ಪ್ರಕಾರವೇ ಮಾಡಿದ್ದೇನೆ ಅಂಕಲ್.”

“ಯಾವ ಸರ್ಕ್ಯುಲರ್?”

“ಕಳೆದ ವರ್ಷದ್ದು. ಡ್ರಾಯಿಂಗಿನಲ್ಲಿ ಯಾವ ಬದಲಾವಣೆ ಮಾಡಿದ್ರೂ ಅದರ ಸುತ್ತ ಅಂಕುಡೊಂಕು ಗೆರೆಯ ಕೆಂಪು ಮೋಡ ಬರೀಬೇಕು, ಕೆಳಗಿನ ಮೂಲೆಯಲ್ಲಿ ಮೊದಲು ಎಂತ ಇತ್ತು, ಈಗ ಎಂತ ಆಯ್ತು, ಕಾರಣ ಎಂತ, ಯಾರ ಸಲಹೆ ಅಂತ ಹಾಕ್ಬೇಕು. ಇಲ್ಲದಿದ್ರೆ ಪ್ರಿಂಟ್ ಮಾಡುವ ಹಾಗಿಲ್ಲ ಅಂತ ನೀವೇ ಬರೆದದ್ದಲ್ವಾ?”

ಆ ನಿಯಮವನ್ನು ಕಾನ್ರಾಡನೇ ಇಡೀ ಫ್ಯಾಕ್ಟರಿಗೆ ಬಾಯಿಪಾಠ ಮಾಡಿಸಿದ್ದ.

ಫ್ರೇಮನ್ನು ಎತ್ತಿಕೊಂಡು ಹಿಂಬಾಗಿಲಿನಿಂದ ಓಡೋಣವೆಂದು ಕೈ ಹಾಕಿದ. ಅಷ್ಟರಲ್ಲಿ ಸಾಹೇಬರೇ ಒಳಗೆ ಬಂದರು. “ಸರ್, ಇದನ್ನು ಮನೆಯಲ್ಲಿ ಬಿಚ್ಚಿದರೆ ಒಳ್ಳೆಯದು,” ಎಂದ. ಸಾಹೇಬರು ಕೇಳಿಸಿಕೊಳ್ಳಲಿಲ್ಲ. “ಮೊದಲು ಕೇಕ್, ಸರ್!” ಎಂದು ಅಹ್ಮದ್ ಕುಂಞಿ ಅಡ್ಡ ನಿಂತ. ಅವನ ಮೊಣಕೈ ತಾಗಿ ಮಾವಿನ ಜ್ಯೂಸಿನ ಜಗ್ಗು ಉರುಳಿತು. ಜ್ಯೂಸೆಲ್ಲ ಹೋದದ್ದು ಕಾನ್ರಾಡನ ಪ್ಯಾಂಟಿನ ಮೇಲೆ. ಫ್ರೇಮಿಗೆ ಒಂದು ಹನಿಯೂ ಸಿಡಿಯಲಿಲ್ಲ.

ಪರ್ರೆಂದು ಕಾಗದ ಹರಿಯಿತು. ವಂಶವೃಕ್ಷದ ತುಂಬ ಕೆಂಪು ಮೋಡಗಳು, ಮಳೆ ಬರುವ ಮುಂಚಿನ ಆಕಾಶದ ಹಾಗೆ. ಸಾಹೇಬರು ಕೆಳಮೂಲೆಯ ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದರು. “ರಿವಿಷನ್ ಒಂದು. ಮೊದಲು: ನಾಕರ್-ಅಪ್. ಈಗ: ಸಮಯಪಾಲನಾ ಮ್ಯಾನೇಜರ್. ಕಾರಣ: ಸಾಹೇಬರ ಮರ್ಯಾದೆ. ಸಲಹೆ: ಅಹ್ಮದ್ ಕುಂಞಿ.”

ಅಹ್ಮದ್ ಕುಂಞಿ ಜ್ಯೂಸ್ ಒರೆಸುವ ನೆಪದಲ್ಲಿ ಮೇಜಿನ ಅಡಿಗೆ ಹೋದವನು ಮೇಲೆ ಬರಲೇ ಇಲ್ಲ.

“ಕಾನ್ರಾಡ್, ರಿವಿಷನ್ ಸೊನ್ನೆ ಎಲ್ಲಿ? ತಿದ್ದುವ ಮೊದಲಿನದು?” ಸಾಹೇಬರ ದನಿ ತಣ್ಣಗಿತ್ತು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಕಾನ್ರಾಡ್ ಜನಗಣತಿಯ ಪುಟ ತಂದು ಕೈಗಿಟ್ಟ. ಜೋಸೆಫನ ಕೋಲು, ಎಲೆನಳ ಬಟ್ಟೆ ಒಗೆತ, ಆಲ್ಬರ್ಟನ ಪೊರಕೆ, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಭಯ ಹೋಗಿ ಅಭಿಮಾನ ಬಂತು. “ನಾಲ್ಕು ಬಾಡಿಗೆಯವರನ್ನು ಇಟ್ಟುಕೊಂಡದ್ದು ಮಕ್ಕಳ ಹೊಟ್ಟೆಗಾಗಿ, ಸರ್. ಒಂದು ನೆಲಮಾಳಿಗೆಯಲ್ಲಿ ಹನ್ನೊಂದು ಜನ. ನಾನೂ ಹಾಗೆ ಇದ್ದವನು. ತಿದ್ದಿದ್ದು ನನ್ನ ತಪ್ಪು. ಅವರ ಹೆಸರಿನ ಪಕ್ಕ ಇದ್ದದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ.”

ಸಾಹೇಬರು ಪುಟ ನೋಡುತ್ತಲೇ ಇದ್ದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಜೆಸ್ಸಿಕಾ ಟಿಶ್ಯೂ ತಂದಳು. ನೋಡಿದರೆ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

“ಎಬ್ಬಿಸುವವನು! ನಲವತ್ತು ವರ್ಷಗಳಿಂದ ನಾನು ಕಂಡಕಂಡವರನ್ನೆಲ್ಲ ಎಬ್ಬಿಸುತ್ತಿದ್ದೇನೆ, ಯಾಕೆಂದು ನನಗೇ ಗೊತ್ತಿರಲಿಲ್ಲ!” ಎಂದು ಕಾನ್ರಾಡನನ್ನು ಜ್ಯೂಸಿನ ಸಮೇತ ಅಪ್ಪಿಕೊಂಡರು. “ಇಂಗ್ಲೆಂಡಿನಲ್ಲಿ ನನಗೆ ಯಾರೂ ಇಲ್ಲ ಅಂದುಕೊಂಡಿದ್ದೆ. ನೀನು ಹನ್ನೊಂದು ಜನರನ್ನು ಕೊಟ್ಟೆ. ಆಲ್ಬರ್ಟನನ್ನು ಹೂಳಿದ್ದು ಎಲ್ಲೆಂದು ಗೊತ್ತೇ?”

“ಅದೂ ಸಿಕ್ಕಿದೆ, ಸರ್. ಊರಿನ ಹಳೆಯ ಸ್ಮಶಾನ, ಸಾಲಿನ ಸಂಖ್ಯೆ ಸಮೇತ.”

ಬಿಟ್ಟರೆ ಇಂಥ ಗಳಿಗೆ ಇನ್ನು ಸಿಗುವುದಿಲ್ಲವೆಂದು ಕಾನ್ರಾಡ್ ಸಾಹೇಬರ ಕೋಣೆಗೆ ಓಡಿದ. ಟ್ರೇಯಿಂದ ಅರ್ಜಿಯ ಎರಡೂ ಪ್ರತಿಗಳನ್ನು ತಂದು ಮುಂದೆ ಹಿಡಿದ. “ಸರ್, ಇದೊಂದು...”

ಸಾಹೇಬರು ಅರ್ಜಿಯನ್ನು ನೋಡಿದರು, ಕಾನ್ರಾಡನನ್ನು ನೋಡಿದರು. “ಇಷ್ಟು ದೂರ ಯೋಚಿಸಿದ್ದೀಯಾ? ತಾರೀಖು ಸಹಿತ! ಜನವರಿಯೇ ಸರಿ.” ಜೇಬಿನಿಂದ ಕೆಂಪು ಪೆನ್ನು ತೆಗೆದು ಎರಡೂ ಪ್ರತಿಗಳಲ್ಲಿ ಏನೇನೋ ಬರೆದು, ದೊಡ್ಡದಾಗಿ ಸಹಿ ಹಾಕಿ, ಒಂದನ್ನು ಮಡಿಚಿ ಅವನ ಕೈಗಿತ್ತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಜಿನ ಅಡಿಯಿಂದಲೂ ಚಪ್ಪಾಳೆ ಕೇಳಿಸಿತು.

ಹದಿನೆಂಟು ವರ್ಷಗಳಲ್ಲಿ ಮೊತ್ತಮೊದಲ ಸಲ ಕಾನ್ರಾಡ್ ಒಂದು ಕಾಗದವನ್ನು ಓದದೆ ಜೇಬಿಗೆ ಹಾಕಿಕೊಂಡ.

ಮನೆ ತಲುಪಿದಾಗ ಬಾಗಿಲು ತೆರೆದ ಬೆಟ್ಟಿ ಪ್ಯಾಂಟಿನ ಹಳದಿಯನ್ನು ಗಮನಿಸಲೇ ಇಲ್ಲ. “ಸಹಿ?”

“ಆಯ್ತು!” ಎಂದು ಅರ್ಜಿಯನ್ನು ಮೇಲೆತ್ತಿ ಆಡಿಸಿದ. ಬೆಟ್ಟಿ ಅಲ್ಲೇ ಶಿಲುಬೆಯ ಗುರುತು ಮಾಡಿಕೊಂಡು ಸೂಟ್‌ಕೇಸ್ ಎಳೆದಳು. ಮೊದಲು ಅದರಲ್ಲಿಟ್ಟದ್ದು ಅವನ ಹೊಸ ಕೋಟು. ಮಗಳು ತಾನ್ಯಾ ಕಾಗದ ಕಿತ್ತುಕೊಂಡು ಬಿಡಿಸಿದಳು.

“ಡ್ಯಾಡಾ, ವೈ ಇಸ್ ದೇರ್ ಎ ರೆಡ್ ಕ್ಲೌಡ್ ಅರೌಂಡ್ ಯುವರ್ ನೇಮ್?”

ಕಾನ್ರಾಡ್ ಕಾಗದ ತೆಗೆದುಕೊಂಡು ಓದಿದ. ಅವನ ಹೆಸರಿಗೆ ಅಡ್ಡಗೆರೆ ಎಳೆದು, ಸುತ್ತ ನಿಯಮದ ಪ್ರಕಾರ ಚಂದದ ಕೆಂಪು ಮೋಡ ಬರೆದು, ಅದರೊಳಗೆ ‘ಕ್ಲೆಗ್’ ಎಂದು ಬರೆಯಲಾಗಿತ್ತು. ಕೆಳಗಿನ ಮೂಲೆಯಲ್ಲಿ ಪಟ್ಟಿಯೂ ಇತ್ತು: ‘ರಿವಿಷನ್ ಒಂದು. ಬದಲಾವಣೆ: ರಜೆಯ ಮೇಲೆ ಹೋಗುವವರ ಹೆಸರು. ಕಾರಣ: ಆಲ್ಬರ್ಟನ ಸಮಾಧಿ. ಸಲಹೆ: ಸಿ. ಮೊಂತೇರೊ. ಆ ಹದಿನೈದು ದಿನ ಬದಲಿ ಸಹಿ: ಸಿ. ಮೊಂತೇರೊ.’

ಬೆಟ್ಟಿ ಅವನ ಭುಜದ ಮೇಲಿಂದ ಇಣುಕಿ ಪೂರ್ತಿ ಓದಿದಳು. ಸೂಟ್‌ಕೇಸಿನಿಂದ ಕೋಟನ್ನು ಹೊರಗೆ ತೆಗೆದು ಸೋಫಾದ ಮೇಲಿಟ್ಟಳು. ಅದರ ಪಕ್ಕದಲ್ಲಿ ಒಂದು ದಿಂಬು ತಂದಿಟ್ಟು, ತಾನ್ಯಾಳನ್ನು ಕರೆದುಕೊಂಡು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಂತೂ ಇಷ್ಟು ವರ್ಷಗಳ ಮೇಲೆ ಕಾನ್ರಾಡನಿಗೆ ಮತ್ತೆ ಬೆಡ್ ಸ್ಪೇಸ್ ಸಿಕ್ಕಿತು.

ಅವನು ಸೋಫಾದ ಮೇಲೆ ಕುಸಿದು ಕೂತಾಗ ಫೋನು ಟಿಣ್ ಎಂದಿತು. ಸಾಹೇಬರ ಸಂದೇಶ.

‘ಜೋಸೆಫನಿಗೆ ವಾರದ ರಜೆಯಾದರೂ ಇತ್ತೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅವನ ಗೌರವಾರ್ಥ ಇನ್ನು ಮೇಲೆ ಶುಕ್ರವಾರವೂ ಎಬ್ಬಿಸುತ್ತೇನೆ. ನಿನ್ನಿಂದಲೇ ಪ್ರಾರಂಭ. ನಾಳೆ ಐದಕ್ಕೆ ಸಾಕೇ, ಇಲ್ಲ ನಾಲ್ಕೂವರೆಗೋ?’