ಎಂಟನೆಯ ಸಲದ ನೀರು

ಊಟಕ್ಕೆ ಬಾ ಎಂದವರಿಗೆ ಒಲ್ಲೆ ಎನ್ನಲು ರಾಂಕೋಗೆ ಬರುತ್ತಿರಲಿಲ್ಲ. ಆ ದಿನದ ಪಡಿಪಾಟಲಿಗೆಲ್ಲ ಅದೇ ಮೂಲ.

ಸರ್ಬಿಯಾದ ಗುಡ್ಡದೂರು ಜಬ್ಲಾನಿಯಲ್ಲಿ ಮಿಲುತಿನ್‌ನ ಪೆಟ್ರೋಲ್ ಬಂಕಿತ್ತು. ನೆಲದಡಿಯ ಟ್ಯಾಂಕು ಸೋರಿ ಊರಬಾವಿಗೆ ಪೆಟ್ರೋಲ್ ಇಳಿಯಿತು. ಬಂಕು ಮುಚ್ಚಿತು, ಬಾವಿಗೆ ಬೀಗ ಬಿತ್ತು. ಟ್ಯಾಂಕು ಕಿತ್ತು, ಸುತ್ತ ನಾಲ್ಕು ಕಡೆ ಸಣ್ಣ ಕೊಳವೆ ಇಳಿಸಿದರು. ಮೂರು ತಿಂಗಳಿಗೊಮ್ಮೆ ಆ ಕೊಳವೆಗಳ ನೀರನ್ನು ಕಂದು ಬಾಟಲಿಗಳಲ್ಲಿ ತುಂಬಿ ಪಟ್ಟಣದ ಪ್ರಯೋಗಾಲಯಕ್ಕೆ ಒಯ್ಯುವುದು ರಾಂಕೋನ ಕೆಲಸ. ಸಾಲಾಗಿ ಎಂಟು ಸಲ ನೀರು ಶುದ್ಧವೆಂದು ಬಂದರೆ ಬೀಗ ತೆಗೆಯಬಹುದು. ಏಳಾಗಿತ್ತು. ಎಂಟನೆಯದಕ್ಕೆ ಇವತ್ತೇ ಕೊನೆಯ ದಿನ, ನಾಲ್ಕು ಗಂಟೆಯೊಳಗೆ ಮುಟ್ಟಿಸಬೇಕು. ತಪ್ಪಿದರೆ ಮತ್ತೆ ಒಂದರಿಂದ ಶುರು. ಬಾವಿ ತೆರೆದರೆ ರಾಂಕೋಗೂ ಗುಡ್ಡ ಹತ್ತುವುದು ತಪ್ಪಿ ಆಫೀಸಿನಲ್ಲಿ ಕುರ್ಚಿ ಸಿಗುವುದಿತ್ತು. ಅವನ ಮಂಡಿ ಆ ಕುರ್ಚಿಯನ್ನು ದಿನಾ ನೆನೆಯುತ್ತಿತ್ತು.

ಮೊದಲ ಕೊಳವೆಯ ನಿಂತ ನೀರನ್ನು ಹೊರಚೆಲ್ಲುತ್ತಿದ್ದಾಗಲೇ ಮಿಲುತಿನ್ ಬಂದು ನಿಂತ.

“ಏನ್ ಸಾಹೇಬ್ರೇ, ಮೂರು ಬಕೆಟ್ ಚೆಲ್ಲಿ ಒಂದು ಬಾಟ್ಲಿ ತುಂಬ್ತೀರಲ್ಲ. ಸರ್ಕಾರಿ ಕೆಲಸ ಅಂದ್ರೆ ಇದೇ ನೋಡಿ,” ಎಂದು ಸಿಗರೇಟು ಹಚ್ಚಿದ.

“ದೂರ ನಿಂತ್ಕೊಳಪ್ಪ, ಹೊಗೇನೂ ನೀರಿಗೆ ಹತ್ತುತ್ತೆ.”

“ನನ್ನಿಂದ ಹಾಳಾದ ನೀರು. ಒಳ್ಳೇದಾಗೋದನ್ನ ನೋಡೋಣ ಅಂತ ಬಂದೆ,” ಎಂದು ಮಿಲುತಿನ್ ಸಿಗರೇಟು ಹೊಸಕಿದ.

ಎರಡನೆಯದು ಹೇಗೋ ಮುಗಿಯಿತು. ಮೂರನೆಯ ಕೊಳವೆಯ ಮೇಲೆಯೇ ನೆರೆಯ ಸ್ತೊಯಾನ್ ತನ್ನ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ.

“ನಿಮಗೆ ನೆರಳಿರ್ಲಿ ಅಂತ ಸಾಹೇಬ್ರೇ.”

ಟ್ರ್ಯಾಕ್ಟರಿನಡಿ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಕೂಡಲೇ ತೆಗೆಯುವಂತೆ ರಾಂಕೋ ಕೂಗಿದ. ಅದು ಸ್ಟಾರ್ಟ್ ಆಗಲೊಲ್ಲದು. ಮೂವರೂ ಸೇರಿ ತಳ್ಳಿದರು. ಪುಣ್ಯಕ್ಕೆ ಕೊಳವೆಯ ಮುಚ್ಚಳ ಬಿಗಿಯಾಗಿತ್ತು.

ನಾಲ್ಕನೆಯ ಕೊಳವೆ ದೆಸಾಂಕಾ ಅಜ್ಜಿಯ ಹಿತ್ತಲಲ್ಲಿ. ಬೀಗ ಬಿದ್ದ ಬಾವಿ ಅವಳ ಬಾಗಿಲೆದುರೇ ಇತ್ತು. ಆದರೂ ಅವಳು ಮೂರು ವರ್ಷದಿಂದ ಟ್ಯಾಂಕರ್ ನೀರಿಗೆ ಇಳಿಜಾರಿನಲ್ಲಿ ಬಕೆಟ್ ಹೊತ್ತು ಓಡಾಡುತ್ತಿದ್ದಳು. ನಾಲ್ಕನೆಯ ಬಾಟಲಿಯೂ ತುಂಬಿ ಐಸ್ ಪೆಟ್ಟಿಗೆ ಸೇರಿತು.

“ಕಾಳಿನ ಸಾರು ಬಿಸಿಯಾಗಿದೆ, ಎರಡು ತುತ್ತು ತಿಂದು ಹೋಗು ಮಗಾ. ಮೊದ್ಲು ಒಂದು ಗುಟುಕು ರಕಿಯಾ.” ರಕಿಯಾ ಎಂದರೆ ಅಲ್ಲಿ ಮನೆಮನೆಯಲ್ಲೂ ಇಳಿಸುವ ಪ್ಲಮ್ ಹಣ್ಣಿನ ಸಾರಾಯಿ.

“ಗಾಡಿ ಓಡಿಸ್ಬೇಕಜ್ಜಿ.”

“ಯಾವಾಗ್ಲೂ ಇದೇ ಮಾತು. ನಮ್ಮೂರಿಗೆ ಇಷ್ಟು ದುಡಿದೆ, ನನ್ನ ಮನೇದು ಒಂದು ತೊಟ್ಟು ಮುಟ್ಟಲಿಲ್ಲ.”

ಪೆಟ್ಟಿಗೆಯನ್ನು ಜಗಲಿಯ ನೆರಳಲ್ಲಿಟ್ಟು ರಾಂಕೋ ಒಳಗೆ ಅಡುಗೆಮನೆಯಲ್ಲಿ ಉಣ್ಣಲು ಕುಳಿತ. ಅಜ್ಜಿ ಈರುಳ್ಳಿ ತರಲು ಎದ್ದಳು, ಬ್ರೆಡ್ಡಿಗೆಂದು ಎದ್ದಳು, ಆಮೇಲೆ ಕೋಳಿ ಓಡಿಸಲು ಹೋದವಳು ಬಹಳ ಹೊತ್ತು ಬರಲೇ ಇಲ್ಲ. ರಾಂಕೋ ಗಡಿಯಾರ ನೋಡುತ್ತಲೇ ಉಂಡ.

ಹೊರಡುವ ಮುನ್ನ ವಾಡಿಕೆಯಂತೆ ಪ್ರತಿ ಬಾಟಲಿಯನ್ನೂ ತಲೆಕೆಳಗು ಮಾಡಿ ನೋಡಿದ. ಒಳಗೆ ಗಾಳಿಗುಳ್ಳೆಯಿದ್ದರೆ ಪ್ರಯೋಗಾಲಯದವರು ಮುಟ್ಟುವುದಿಲ್ಲ. ಒಂದರಲ್ಲೂ ಇರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮುಟ್ಟಿಸಿ, ದೇವರಿಗೂ ಜಬ್ಲಾನಿಯವರಿಗೂ ಮನಸಾರೆ ಕೈಮುಗಿದ.

ಸಂಜೆ ಪ್ರಯೋಗಾಲಯದ ವೆಸ್ನಾ ಫೋನ್ ಮಾಡಿದಳು.

“ರಾಂಕೋ, ಪೆಟ್ರೋಲ್ ಒಂದು ಹನಿಯೂ ಇಲ್ಲ ಕಣೋ.”

“ಅಬ್ಬಾ, ಗೆದ್ದೆ.”

“ನೀರೂ ಇಲ್ಲ. ನಾಲ್ಕರಲ್ಲೂ ರಕಿಯಾ. ಯಾವ ಕೊಳವೇದು ಹೇಳು, ಮುಂದಿನ ಸಲ ನಮ್ಮ ಸಾಹೇಬ್ರೇ ಬರ್ತಾರಂತೆ. ಎಂಟನೇದು ಮಾತ್ರ ಹೋಯ್ತು. ಮತ್ತೆ ಒಂದರಿಂದ.”

ಮರುದಿನ ರಾಂಕೋ ಹೊಸ ಬಾಟಲಿಗಳೊಂದಿಗೆ, ನಾಲ್ಕು ಮಾತು ಆಡಿಯೇಬಿಡಬೇಕೆಂದು ಗುಡ್ಡ ಹತ್ತಿದ. ಅಜ್ಜಿ ಬಾಗಿಲಲ್ಲೇ ಕಾದಿದ್ದಳು.

“ಹೇಗಿತ್ತು ಮಗಾ? ಆ ಹಾಳು ನೀರು ಹೊತ್ಕೊಂಡು ಎಷ್ಟು ದಿನ ಓಡಾಡ್ತೀಯ ಅಂತ ಚೆಲ್ಲಿ, ನನ್ನ ಗಂಡ ಇಳಿಸಿದ್ದನ್ನ ತುಂಬಿದೆ. ಅವನು ಬಿಟ್ಟು ಹೋದದ್ದರಲ್ಲಿ ಅದೇ ಕೊನೇದು. ಕೊಡೋವಾಗ ಅರೆಬರೆ ತುಂಬಬಾರದು ಅಂತ ಬಾಯಿಮಟ್ಟ ಹಾಕಿದೀನಿ.”

ರಾಂಕೋ ಹೊಸ ಬಾಟಲಿಗಳನ್ನು ಜಗಲಿಯ ಮೇಲಿಟ್ಟ. ಅಜ್ಜಿಯ ಹಿಂದೆ ಎರಡು ಖಾಲಿ ಬಕೆಟ್ ಕಂಡವು.

“ಚೆನ್ನಾಗಿತ್ತಜ್ಜಿ. ದೊಡ್ಡ ಉಪಕಾರ ಆಯ್ತು.”

“ಬಾವಿ ಯಾವಾಗ ತೆಗೀತಾರೆ?”

“ಇನ್ನೂ ಎಂಟು ಸಲ ನೋಡ್ಬೇಕಂತೆ.”

ಅಜ್ಜಿಯ ಮುಖ ಬಾಡಿತು. ಮರುಗಳಿಗೆಗೆ ಸಾವರಿಸಿಕೊಂಡಳು. “ಆ ಪ್ರಯೋಗಾಲಯದೋರ ತಲೆ ಸರಿಯಿಲ್ಲ. ಹೋಗ್ಲಿ ಬಿಡು, ನೀನು ಬರ್ತೀಯಲ್ಲ, ಅಷ್ಟು ಸಾಕು. ನಿನ್ನಂಥೋನು ಸಿಕ್ಕಿದ್ದು ನಮ್ಮ ಪುಣ್ಯ.”

ರಾಂಕೋ ಬಕೆಟ್ ಎತ್ತಿಕೊಂಡು ಇಳಿಜಾರಿನಲ್ಲಿ ಇಳಿದು, ನೀರು ಹೊತ್ತು ತಂದ. ಮಂಡಿ ಅವನನ್ನು ಬಾಯಿಗೆ ಬಂದಂತೆ ಬೈಯಿತು. ಆಮೇಲೆ ನಾಲ್ಕೂ ಕೊಳವೆಗಳಿಂದ ಬಾಟಲಿ ತುಂಬಿದ, ಮೊದಲನೆಯ ಸಲಕ್ಕೆ.

ಅಜ್ಜಿ ಊಟಕ್ಕೆ ಕರೆದಳು. ಒಲ್ಲೆ ಎನ್ನಲಾಗಲಿಲ್ಲ. ಐಸ್ ಪೆಟ್ಟಿಗೆಯನ್ನು ಅಡುಗೆಮನೆಗೇ ಒಯ್ದು, ಅದರ ಮೇಲೆ ಕುಳಿತು ಉಂಡ.