ಕೊಟ್ರಬಸಪ್ಪನ ಗೇಟಿಗೆ ಅಡ್ಡ ನಿಂತ ಗಾಡಿ

ಹೆಬ್ಬೆರಳಿನ ಉಗುರಿನಷ್ಟು ಒಂದು ಗುಂಡಿ. ಹೊನ್ನಾಳಿಯಿಂದ ಬಂದಿದ್ದ ಹಳೆಯ ಎಸ್‌ಯುವಿಯಲ್ಲಿ, ಗೇರಿನ ಪಕ್ಕಕ್ಕೆ ಅದು ಇತ್ತು. ಮೇಲಕ್ಕೆ ಎಳೆದರೆ ಹಿಂದಿನ ಗಾಲಿಗಳು ಹಿಡಿಯಬೇಕು, ಕೆಳಕ್ಕೆ ಒತ್ತಿದರೆ ಬಿಡಬೇಕು. ಕೈಬ್ರೇಕಿಗೆ ಕೋಲು ಇದ್ದ ಕಾಲದಲ್ಲಿ ಎಳೆದವನ ಕೈಗೇ ಎಲ್ಲ ಗೊತ್ತಾಗುತ್ತಿತ್ತು. ಈ ಗುಂಡಿ ಹಾಗಲ್ಲ, ಗಾಡಿಯೊಳಗಿನ ಕಂಪ್ಯೂಟರಿನ ಅಪ್ಪಣೆ ಕೇಳಿ ಕೆಲಸ ಮಾಡುವಂಥದ್ದು. ಆ ಭಾನುವಾರ ಕಂಪ್ಯೂಟರು ಒಲ್ಲೆ ಅಂದಿತು. ಒಲ್ಲೆ ಅಂದ ಜಾಗವಾದರೂ ಎಂಥದ್ದು? ಚನ್ನಗಿರಿಯ ಪಾತ್ರೆ ಅಂಗಡಿ ಕೊಟ್ರಬಸಪ್ಪನ ಮನೆ ಗೇಟಿಗೆ ಸರಿಯಾಗಿ ಅಡ್ಡ.

ಬೇರೆ ದಿನವಾಗಿದ್ದರೆ ಕೊಟ್ರಬಸಪ್ಪ ಬಂದವರಿಗೆ ಚಹಾ ಕೊಟ್ಟು ತಮಾಷೆ ನೋಡುತ್ತಾ ಕೂರುತ್ತಿದ್ದ. ಅವತ್ತು ಹಾಗೆ ಕೂರಲಾಗದ್ದಕ್ಕೆ ಕಾರಣವಿತ್ತು. ಮಗಳು ಸಂಧ್ಯಾರಾಣಿಯನ್ನು ನೋಡಲು ಒಂದೇ ದಿನ ಎರಡು ಗಂಡಿನ ಕಡೆಯವರಿಗೆ ಬರಹೇಳಿದ್ದ ಪುಣ್ಯಾತ್ಮ. ಮುಂಜಾನೆ ಹೊನ್ನಾಳಿಯವರು, ಮಧ್ಯಾಹ್ನದ ಮೇಲೆ ಜಗಳೂರಿನವರು. ಮನೆ ಒಂದೇ ಸಲ ಸಾರಿಸಿದರಾಯಿತು, ಕೇಸರಿಬಾತು ಒಂದೇ ಪಾತ್ರೆಯಲ್ಲಿ ಆಯಿತು, ಮಗಳು ಸೀರೆ ಒಂದೇ ಸಲ ಉಟ್ಟರಾಯಿತು ಎಂಬ ಲೆಕ್ಕಾಚಾರ. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಇಬ್ಬರಿಗೂ ಫೋನಿನಲ್ಲಿ, "ನಿಮ್ಮನ್ನ ಬಿಟ್ಟು ಇನ್ನೊಬ್ಬರಿಗೆ ನಮ್ಮ ಹುಡುಗಿ ತೋರ್ಸಿಲ್ಲ ಕಣ್ರೀ," ಅಂತ ಬೇರೆ ಹೇಳಿದ್ದ.

"ರೀ, ಇದೆಲ್ಲ ಬ್ಯಾಡ. ಒಬ್ಬರಿಗೊಬ್ಬರು ಎದುರಾದ್ರೆ ಎರಡೂ ಸಂಬಂಧ ಹೋಗ್ತಾವೆ," ಅಂತ ಹೆಂಡತಿ ಕರಿಬಸಮ್ಮ ಹಿಂದಿನ ದಿನವೇ ಬಡಕೊಂಡಿದ್ದಳು.

"ನೀನು ಹೋಳಿಗೆ ಮಾಡು ಸಾಕು. ಇಬ್ಬರಲ್ಲಿ ಒಬ್ಬರಾದ್ರೂ ನಮ್ಮನೇಲಿ ಊಟ ಮಾಡೇ ಹೋಗ್ತಾರೆ, ನೋಡ್ತಿರು," ಅಂದಿದ್ದ ಕೊಟ್ರಬಸಪ್ಪ.

ಊಟದ ಮಾತು ಸುಮ್ಮನೆ ಬಂದದ್ದಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು, ಚಹಾದವರೆಗೆ ಬರುತ್ತಾರೆ. ಸಂಬಂಧ ನಿಕ್ಕಿಯಾಗದೆ ಊಟದ ತಟ್ಟೆ ಮುಟ್ಟುವುದಿಲ್ಲ. ಮುಟ್ಟಿದರೋ, ಒಪ್ಪಿದ ಹಾಗೆಯೇ. ಹಿಂದೆ ಬಂದುಹೋದ ಗಂಡಿನ ಕಡೆಯವರೆಲ್ಲ ಉಪ್ಪಿಟ್ಟು ಮುಗಿಸಿ, ಬಾಯಿ ಒರೆಸಿಕೊಂಡು ಹೋದವರೇ. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವ, ಚಿನ್ನದಂಥ ಮಗಳು ಪ್ರತಿ ಸಲವೂ ಖಾಲಿ ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋಗುವುದನ್ನು ನೋಡಲಾರದೆ ಕೊಟ್ರಬಸಪ್ಪ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದ. ಫೋಟೋ ಕಳಿಸಿ ಅಂದವರಿಗೂ ಅವನು ಕಳಿಸುತ್ತಿರಲಿಲ್ಲ. "ಮೊಬೈಲಿಗೆ ಬಿದ್ದ ಫೋಟೋ ಊರೂರು ಸುತ್ತುತೈತೆ. ನೋಡೋದಾದ್ರೆ ಮನೆಗೆ ಬಂದು ನೋಡ್ರಿ," ಅನ್ನುತ್ತಿದ್ದ.

ಹೊನ್ನಾಳಿಯಿಂದ ಬಂದವರು ಮೂವರು. ವರ ಸತೀಶ್ ಕುಮಾರ್, ಅವನ ತಾಯಿ ದ್ಯಾಮಮ್ಮ, ತಂಗಿ ವಾಣಿಶ್ರೀ. ವರನಿಗೆ ಗಾಡಿ ಓಡಿಸಲು ಬರದು, ಮಾತೂ ಅಷ್ಟಕ್ಕಷ್ಟೆ. ಎರಡನ್ನೂ ತಂಗಿಯೇ ನೋಡಿಕೊಳ್ಳುತ್ತಿದ್ದಳು. ಉಪ್ಪಿಟ್ಟು ಮುಗಿಯಿತು. ದ್ಯಾಮಮ್ಮ ಸೆರಗು ಸರಿಮಾಡಿಕೊಂಡು, "ಮನೇಲಿ ಮಾತಾಡಿ ಫೋನ್ ಮಾಡಿ ತಿಳಿಸ್ತೀವಿ ಅಣ್ಣಾರೆ," ಅಂದರು. ಆ ಮಾತಿನ ಅರ್ಥ ಕೊಟ್ರಬಸಪ್ಪನಿಗೆ ಗೊತ್ತಿಲ್ಲದ್ದಲ್ಲ. ಆದರೂ ಬೇಜಾರಾಗಲು ಪುರುಸೊತ್ತಿಲ್ಲ, ಜಗಳೂರಿನವರು ಬರುವುದರೊಳಗೆ ಇವರು ಹೊರಡಬೇಕು. ತಾನೇ ಬಗ್ಗಿ ಅವರ ಚಪ್ಪಲಿಗಳನ್ನು ನೇರ ಮಾಡಿಟ್ಟ.

ಮೂವರೂ ಗಾಡಿ ಹತ್ತಿದರು, ಕೈ ಮುಗಿದರು. ವಾಣಿಶ್ರೀ ಸ್ಟಾರ್ಟ್ ಮಾಡಿ ಗುಂಡಿ ಒತ್ತಿದಳು. ಮುಂದೆ ಕೆಂಪು ದೀಪ ಮಿಣಮಿಣ ಅಂದಿತು. ಮತ್ತೆ ಒತ್ತಿದಳು. ಎಂಜಿನ್ ಗುರುಗುಟ್ಟಿತು, ಗಾಡಿ ಹಿಂದಿನ ಕಾಲು ಕಟ್ಟಿದ ಎಮ್ಮೆಯ ಹಾಗೆ ಒಮ್ಮೆ ಕುಂಡಿ ತಗ್ಗಿಸಿ ನಿಂತುಬಿಟ್ಟಿತು.

"ಅಂಕಲ್, ಪಾರ್ಕಿಂಗ್ ಬ್ರೇಕ್ ಬಿಡ್ತಿಲ್ಲ," ಅಂದಳು.

"ಬಿಡದೆ ಏನ್ ಮಾಡ್ತೈತೆ? ಬಿಡ್ಲೇಬೇಕು!" ಕೊಟ್ರಬಸಪ್ಪ ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ನೂಕಿದ. ವರನೂ ಇಳಿದು ನೂಕಿದ. ಗಾಲಿ ಕದಲಲಿಲ್ಲ, ಕೊಟ್ರಬಸಪ್ಪನ ಸೊಂಟ ಮಾತ್ರ ಕಳಕ್ ಅಂದಿತು.

ಗದ್ದಲ ಕೇಳಿದ ಕೂಡಲೇ ಪಕ್ಕದ ಮನೆಯ ಹಾಲಸ್ವಾಮಿ ಪ್ರತ್ಯಕ್ಷನಾದ. ಊರಿನಲ್ಲಿ ಏನೇ ಕೆಟ್ಟರೂ, ಬೋರ್‌ವೆಲ್ ಮೋಟಾರಿನಿಂದ ಹಿಡಿದು ಗಂಡ-ಹೆಂಡಿರ ಜಗಳದವರೆಗೆ, ಅವನ ಹತ್ತಿರ ಒಂದು ಅಭಿಪ್ರಾಯ ಇದ್ದೇ ಇರುತ್ತಿತ್ತು.

"ಬ್ಯಾಟರಿ ವೀಕು," ಅಂದ. "ಎಲೆಕ್ಟ್ರಾನಿಕ್ ಬ್ರೇಕ್ ಅಲ್ಲೇನ್ರಿ? ಕರೆಂಟ್ ಕಮ್ಮಿ ಆದ್ರೆ ಮುಗೀತು." ತನ್ನ ಗೂಡ್ಸ್ ಆಟೋ ತಂದು ವೈರು ಎಳೆದು ಕೊಟ್ಟ. ಹಾರ್ನು ಜೋರಾಯಿತು. ಏಸಿ ತಣ್ಣಗಾಯಿತು. ಬ್ರೇಕು ಮಾತ್ರ ಹಾಗೇ ಇತ್ತು. ಆಮೇಲೆ ಮೊಬೈಲಿನಲ್ಲಿ ವಿಡಿಯೋ ಹಾಕಿದ. ಅದರೊಳಗಿನ ಬಿಳಿಯ ಮನುಷ್ಯ ಯಾವ ಭಾಷೆ ಆಡುತ್ತಿದ್ದನೋ ದೇವರಿಗೇ ಗೊತ್ತು, ಗಾಡಿಯೂ ಬೇರೆಯದು. ಅದನ್ನು ನೋಡುತ್ತಾ ಹಾಲಸ್ವಾಮಿ ಹಿಂದಿನ ಗಾಲಿಗೆ ಸುತ್ತಿಗೆಯಿಂದ ನಾಲ್ಕು ಬಾರಿಸಿದ. ದಾರಿಯಲ್ಲಿ ಹೋಗುವವರೆಲ್ಲ ನಿಂತು ಒಂದೊಂದು ಸಲ ಗುಂಡಿ ಒತ್ತಿ ಹೋದರು. ಯಾರೋ ದೃಷ್ಟಿಯಾಗಿದೆ ಅಂದರು. ಕರಿಬಸಮ್ಮ ನಿಂಬೆಹಣ್ಣು ತಂದು ಟೈರಿನ ಬುಡಕ್ಕೆ ಇಟ್ಟಳು. ಗಾಲಿ ಉರುಳಿದರೆ ತಾನೇ ನಿಂಬೆಹಣ್ಣು ಒಡೆಯುವುದು? ಅದು ಅಲ್ಲೇ ದುಂಡಗೆ ಕೂತಿತ್ತು.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ಅವನು ಮನೆಮಂದಿಯನ್ನೆಲ್ಲ ಕರಕೊಂಡು ಸೂರಗೊಂಡನಕೊಪ್ಪದ ದೇವಸ್ಥಾನಕ್ಕೆ ಹೋಗಿದ್ದ. "ಸಂಜೆ ಬರ್ತೀನ್ರಿ, ಅಲ್ಲೀತನಕ ಗಾಡಿ ಎಲ್ಲೂ ಒಯ್ಯಬೇಡಿ," ಅಂದ. ಒಯ್ಯುವ ಹಾಗಿದ್ದರೆ ಅವನನ್ನು ಯಾರು ಕೇಳುತ್ತಿದ್ದರು!

ಹೋಗಿಬರ್ತೀವಿ ಅಂತ ಹೇಳಿದವರು ಮತ್ತೆ ಒಳಗೆ ಬಂದು ಕೂತರು. ಮುಂಜಾನೆಯ ಮಾತೆಲ್ಲ ಮುಗಿದಿತ್ತು. ದ್ಯಾಮಮ್ಮ ಗೋಡೆ ನೋಡಿದರು, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಊಟದ ಹೊತ್ತು ಮೀರಿತು. ಅಡುಗೆಮನೆಯಿಂದ ಹೋಳಿಗೆಯ ಘಮ ಬಂತು. ವರ ಸತೀಶ್ ಕುಮಾರ್ ಎಂಜಲು ನುಂಗಿದ.

"ಅಕ್ಕಾರೆ, ಒಂದೀಟು ಊಟ..." ಅಂದ ಕೊಟ್ರಬಸಪ್ಪ, ಆಸೆಯಿಂದಲೇ.

"ಅದೆಂಗೆ ಆಗ್ತೈತಣ್ಣ? ನಿಕ್ಕಿ ಆಗ್ದೆ ಊಟ ಮಾಡಾಕೆ ಬರಂಗಿಲ್ಲ," ಅಂದರು ದ್ಯಾಮಮ್ಮ. ಮಗನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಕೊಟ್ರಬಸಪ್ಪನ ಫೋನು ಕೂಗಿತು. ಜಗಳೂರಿನ ರುದ್ರಮುನಿ, ಎರಡನೆಯ ವರನ ತಂದೆ. "ಕೆರೆಬಿಳಚಿ ದಾಟಿದ್ವಿ. ಇನ್ನೇನು ಬಂದೇಬಿಟ್ವಿ!"

"ನಿಧಾನ ಬರ್ರಿ, ಅವಸರ ಏನೈತಿ? ದಾರೀಲಿ ಎಳನೀರು ಕುಡೀರಿ," ಅಂದ ಕೊಟ್ರಬಸಪ್ಪ, ಬೆವರು ಒರೆಸಿಕೊಳ್ಳುತ್ತಾ.

"ಎಲ್ಲಾ ಆತು. ನಮ್ಮ ಹುಡುಗ ಸ್ಪೀಡು!"

ಕೊಟ್ರಬಸಪ್ಪ ಹೊರಗೆ ಓಡಿದ. ವಾಣಿಶ್ರೀ ಒಳಗೆ ಕೂರಲಾರದೆ ಗಾಡಿಯ ಸ್ಟೇರಿಂಗ್ ಮುಂದೆ ಕೂತು, ಗುಂಡಿ ಒತ್ತುತ್ತಾ ಬೈಯುತ್ತಾ ಇದ್ದಳು. ಜಗಳೂರಿನ ಕಾರು ಬಂದು ಹಿಂದೆ ನಿಂತಿತು. ಜರಿಯ ಶಲ್ಯ ಹೊದ್ದ ರುದ್ರಮುನಿ ಇಳಿದರು. ಅವರ ಮಗ ಸುದೀಪ್, ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಇಳಿದ.

"ಏನ್ ಕೊಟ್ರಬಸಪ್ಪನೋರೆ, ಗೇಟಿಗೇ ಗಾಡಿ ಅಡ್ಡ ಹಾಕೀರಿ? ಯಾರದಿದು?"

ಇಂಥ ಹೊತ್ತಿನಲ್ಲಿ ಬಾಯಿ ತಲೆಯನ್ನು ಕೇಳುವುದಿಲ್ಲ. "ನಮ್ಮದೇರಿ! ಬ್ರೇಕ್ ಹಿಡಕೊಂಡೈತಿ," ಅಂದುಬಿಟ್ಟ.

"ಒಳಗೆ ಕುಂತಿರೋ ಹುಡುಗಿ?"

"ನಮ್ಮನೆ ಹುಡುಗೀನೇ, ಮತ್ತೆ ಇನ್ಯಾರು!"

ರುದ್ರಮುನಿ ಮಗನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಒಳಗಿನಿಂದ ದ್ಯಾಮಮ್ಮ, "ಯಾರಣ್ಣ ಬಂದಿದ್ದು?" ಅಂದರು. ಕೊಟ್ರಬಸಪ್ಪ ಬಾಗಿಲಿಗೆ ಓಡಿ, "ಮೆಕ್ಯಾನಿಕ್ಕು, ಅಕ್ಕಾರೆ! ಅಪ್ಪ, ಮಗ ಇಬ್ಬರೂ ಬಂದಾರೆ, ನೀವು ಏಳಬೇಡಿ!" ಅಂದ. ಮತ್ತೆ ಗೇಟಿಗೆ ಓಡಿ ಬಂದ. ಹೀಗೆ ಬಾಗಿಲಿಗೂ ಗೇಟಿಗೂ ಓಡಾಡಿ ಅವನ ಪಂಚೆ ಮೊಣಕಾಲಿಗೆ ಸುತ್ತಿಕೊಂಡಿತು.

ಸುದೀಪ್ ಗಾಡಿಯ ಹಿಂದೆ ಹೋಗಿ ನಿಂತು, "ಮೇಡಂ, ಒಂದ್ಸಲ ಕಾಲಿನ ಬ್ರೇಕ್ ಒತ್ರಿ," ಅಂದ.

"ಒತ್ತೀನಿ."

"ಹಿಂದೆ ಕೆಂಪು ದೀಪ ಹತ್ತಂಗಿಲ್ಲ ನೋಡ್ರಿ. ನೀವು ಬ್ರೇಕ್ ತುಳಿದಿರೋದು ಗಾಡಿಗೆ ಗೊತ್ತೇ ಆಗ್ತಿಲ್ಲ. ಕಾಲು ಬ್ರೇಕಿನ ಮೇಲಿಲ್ಲ, ಗಾಡಿ ಉರುಳಿ ಹೋಗ್ತೈತೆ ಅನ್ಕೊಂಡು ಅದು ಪಾರ್ಕಿಂಗ್ ಬ್ರೇಕ್ ಬಿಡ್ತಿಲ್ಲ. ಗಾಲೀದೂ ಅಲ್ಲ, ಬ್ಯಾಟರೀದೂ ಅಲ್ಲ. ಪೆಡಲ್ ಮೇಲೆ ಒಂದು ಸಣ್ಣ ಸ್ವಿಚ್ ಇರ್ತೈತೆ, ಅದರ ತಂಟೆ."

ಹಾಲಸ್ವಾಮಿ, "ನಾನೂ ಅದನ್ನೇ ಹೇಳಾಕೆ ಬಂದಿದ್ದೆ," ಅಂದ.

ಸುದೀಪ್ ಬಾಗಿಲು ತೆಗೆದು, ಬಗ್ಗಿ, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ. ವಾಣಿಶ್ರೀ ಕಾಲು ಪಕ್ಕಕ್ಕೆ ಎಳೆದುಕೊಂಡು ಮೊಬೈಲಿನ ಬೆಳಕು ಹಿಡಿದಳು. ಕೊಟ್ರಬಸಪ್ಪ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದ. ಒಂದು ಕಡೆಯವರು ಹೊರಗೆ, ಒಂದು ಕಡೆಯವರು ಒಳಗೆ. ಬ್ರೇಕು ಬಿಟ್ಟರೆ ಒಳಗಿನವರು ಹೋಗುತ್ತಾರೆ, ಹೊರಗಿನವರು ಬರುತ್ತಾರೆ. ಗಾಡಿಯೊಳಗೆ ಏನು ಮಾತು ನಡೆಯಿತೋ, ವಾಣಿಶ್ರೀ ಒಂದೆರಡು ಸಲ ಗಟ್ಟಿಯಾಗಿ ನಕ್ಕಳು. "ಸ್ವಿಚ್ ಜಾಗ ಬಿಟ್ಟು ಸರಿದಿತ್ತು, ಕೂರಿಸೀನಿ. ಈಗ ಒತ್ರಿ," ಅಂದ ಸುದೀಪ್. ಹಿಂದೆ ಕೆಂಪು ದೀಪ ಹತ್ತಿತು. ಗುಂಡಿ ಒತ್ತಿದಳು. ಹಿಂದಿನ ಗಾಲಿಗಳಲ್ಲಿ ಕಿರ್ರ್ ಅಂತ ಸದ್ದಾಯಿತು, ಗಾಡಿ ಒಂದು ಮಾರು ಮುಂದೆ ಸರಿಯಿತು, ನಿಂಬೆಹಣ್ಣು ಪಚಕ್ ಅಂದಿತು. ಹಾಲಸ್ವಾಮಿ ಚಪ್ಪಾಳೆ ಹೊಡೆದ.

ತೋಳಿಗೆಲ್ಲ ಮಸಿ ಬಳಿದುಕೊಂಡ ಸುದೀಪ್ ತಂದೆಯ ಕಿವಿಯಲ್ಲಿ ಏನೋ ಹೇಳಿದ. ರುದ್ರಮುನಿ ಬಂದು ಕೊಟ್ರಬಸಪ್ಪನ ಎರಡೂ ಕೈ ಹಿಡಿದುಕೊಂಡರು.

"ನಮ್ಮ ಹುಡುಗ ಒಪ್ಪಿದ. ಉಪ್ಪಿಟ್ಟು-ಗಿಪ್ಪಿಟ್ಟು ಏನೂ ಬ್ಯಾಡ. ಸೀದಾ ಊಟಕ್ಕೇ ಹಾಕ್ರಿ!"

ಊಟ! ಕೊಟ್ರಬಸಪ್ಪನ ಕಣ್ಣಲ್ಲಿ ನೀರು ಬಂತು. ಮಗಳನ್ನು ಕರೆದು ತೋರಿಸಿಯೇ ಇಲ್ಲವಲ್ಲ ಅಂತ ಒಂದು ಗಳಿಗೆ ಅನ್ನಿಸಿತು. ಸಂಧ್ಯಾ ಕಿಟಕಿಯಲ್ಲಿ ಇಣುಕುತ್ತಿದ್ದಳು, ಅಲ್ಲೇ ನೋಡಿರಬೇಕು. ಚಿನ್ನವನ್ನು ಎಲ್ಲಿಂದ ನೋಡಿದರೇನು? ಒಳಗೆ ನುಗ್ಗಿ, "ಕರಿಬಸೀ, ತಟ್ಟೆ ಹಾಕು!" ಅಂತ ಕೂಗಿದ. ಗೆದ್ದವನಿಗೆ ಇನ್ನೇನು ಭಯ? ದ್ಯಾಮಮ್ಮನ ಮುಂದೆ ನಿಂತು ಎದೆಯುಬ್ಬಿಸಿ ಹೇಳಿದ. "ಅಕ್ಕಾರೆ, ತಪ್ಪು ತಿಳೀಬೇಡಿ. ಬಂದೋರು ಮೆಕ್ಯಾನಿಕ್ಕಲ್ಲ, ಜಗಳೂರಿನ ಬೀಗರು. ನಮ್ಮ ಸಂಧ್ಯಾದು ನಿಕ್ಕಿ ಆತು. ಇನ್ನು ನಿಮಗೂ ಸಂಕೋಚ ಇಲ್ಲ, ಹೊಟ್ಟೆ ತುಂಬ ಉಣ್ರಿ."

"ಅಲ್ಲಣ್ಣ, ನಾವಿನ್ನೂ ಫೋನೇ ಮಾಡಿಲ್ಲ!" ದ್ಯಾಮಮ್ಮನಿಗೆ ಸಿಟ್ಟು ಬಂತು. ಆದರೆ ಹಸಿವು ಅದಕ್ಕಿಂತ ಮುಂಚೆಯೇ ಬಂದಿತ್ತು. ಮಗ ಆಗಲೇ ಕೈ ತೊಳೆದಾಗಿತ್ತು.

ಸಾಲಾಗಿ ಕೂತರು. ಎಲ್ಲರೂ ಹೋಳಿಗೆ ಮುರಿದು ಬಾಯಿಗಿಟ್ಟರು. ಸಂಧ್ಯಾರಾಣಿ ತುಪ್ಪದ ಗಿಂಡಿ ಹಿಡಿದು ತಲೆ ಬಗ್ಗಿಸಿ ಬಂದಳು. ರುದ್ರಮುನಿ ಅಕ್ಕರೆಯಿಂದ, "ನಮಗೆ ಆಮೇಲೆ ಹಾಕುವಂತಿ ತಾಯಿ. ಮೊದ್ಲು ನಮ್ಮ ಸೊಸೆಗೆ ಬಡಿಸು," ಅಂದು ವಾಣಿಶ್ರೀಯ ಕಡೆ ಕೈ ತೋರಿಸಿದರು.

ತುಪ್ಪದ ಗಿಂಡಿ ಗಾಳಿಯಲ್ಲೇ ನಿಂತಿತು.

"ಅದು... ಅದು ಅವರ ಮಗಳು," ಅಂದ ಕೊಟ್ರಬಸಪ್ಪ. "ನಮ್ಮ ಹುಡುಗಿ ಇವಳು."

"ಗಾಡಿಯೊಳಗೆ ಕುಂತಿರೋದು ನಮ್ಮನೆ ಹುಡುಗಿ ಅಂತ ನೀವೇ ಹೇಳಿದ್ರಲ್ಲ ಮಾರಾಯ್ರೆ!"

ಮೊದಲು ಚೇತರಿಸಿಕೊಂಡವರು ದ್ಯಾಮಮ್ಮ. ಬಾಯಲ್ಲಿದ್ದ ಹೋಳಿಗೆ ನುಂಗಿ, ರುದ್ರಮುನಿಯ ಶಲ್ಯದ ಜರಿಯನ್ನೊಮ್ಮೆ ನೋಡಿ, "ಹುಡುಗ ಏನ್ ಕೆಲಸದಾಗೆ ಇರೋದು?" ಅಂತ ಕೇಳಿದರು. ಕೊಟ್ರಬಸಪ್ಪನನ್ನಲ್ಲ, ರುದ್ರಮುನಿಯನ್ನು. ಅಲ್ಲಿಂದ ಮಾತು ಇಳಿಜಾರಿನಲ್ಲಿ ಹೋಯಿತು. ಜಮೀನು ಬಂತು, ಮಠ ಬಂತು, ಜಗಳೂರಿನಲ್ಲಿ ದ್ಯಾಮಮ್ಮನ ಸೋದರತ್ತೆಯ ಮನೆಯೂ ಬಂತು. ಕಡೆಗೆ, "ನೀನೇನಂತೀಯವ್ವ?" ಅಂತ ಮಗಳನ್ನು ಕೇಳಿದರು.

ವಾಣಿಶ್ರೀ ತಟ್ಟೆ ನೋಡುತ್ತಾ ಅಂದಳು. "ಮುಂಜಾನಿಂದ ಊರ ಜನ ಎಲ್ಲಾ ಬಂದು ಗುಂಡಿ ಒತ್ತಿ ಹೋದ್ರು. ಗಾಡಿ ಓಡಿಸೋಳು ನಾನು ಅಂತ ನೆನಪಿಟ್ಕೊಂಡು ಮಾತಾಡಿದ್ದು ಇವರೊಬ್ರೇ. ನಂದೇನೂ ಅಡ್ಡಿ ಇಲ್ಲ."

"ಹೆಂಗೂ ಇಬ್ರೂ ಒಂದೇ ಪಂಕ್ತೀಲಿ ಊಟ ಮಾಡಿ ಆಗೈತೆ," ಅಂದರು ರುದ್ರಮುನಿ.

ಕೊಟ್ರಬಸಪ್ಪ ಕಡೆಯ ಆಸೆಯಿಂದ ಸತೀಶ್ ಕುಮಾರನ ಕಡೆ ನೋಡಿದ. ಅವನು ಸಂಧ್ಯಾರಾಣಿಯ ಕಡೆ ನೋಡಿ ಬಾಯಿ ತೆರೆದ. ಅಷ್ಟರಲ್ಲಿ ಅವನ ತಾಯಿ, "ಈಗ ಮಗಳ ಮದುವೆ ಮುಂದೆ ಬಂತಣ್ಣ. ಅದು ಮುಗೀಲಿ. ಇವನ ವಿಚಾರ ಆಮೇಲೆ ಫೋನ್ ಮಾಡಿ ತಿಳಿಸ್ತೀವಿ," ಅಂದರು. ತೆರೆದ ಬಾಯಿಗೆ ಅವನು ಹೋಳಿಗೆ ಇಟ್ಟುಕೊಂಡ.

ಎಲೆ-ಅಡಿಕೆ ತಟ್ಟೆಯೂ ಕೊಟ್ರಬಸಪ್ಪನ ಮನೆಯದೇ, ಮನೆಯ ಹಿರಿಯ ಅಂತ ಬದಲಾಯಿಸಿ ಕೊಟ್ಟವನೂ ಅವನೇ. ಎರಡೂ ಕಡೆಯವರು ಬಾಯ್ತುಂಬ ಹೊಗಳಿ, ಮುಂದೆ ಒಂದು ಗಾಡಿ, ಹಿಂದೆ ಒಂದು ಗಾಡಿ ಮಾಡಿಕೊಂಡು ಹೋದರು. ಸಂಧ್ಯಾರಾಣಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅವಳು ನಕ್ಕಷ್ಟೂ ಕೊಟ್ರಬಸಪ್ಪನಿಗೆ ಅಳು ಬರುವಂತಾಗಿ, ಗೇಟು ಹಾಕಲು ಹೊರಗೆ ಬಂದ.

ಗೇಟಿನ ಹತ್ತಿರ ಹಾಲಸ್ವಾಮಿ ಕಾಯುತ್ತಿದ್ದ. ದನಿ ತಗ್ಗಿಸಿ, "ಕೊಟ್ರಣ್ಣ, ಎಂಥಾ ಕೈಗುಣ ನಿಮ್ಮನೇದು! ಮುಂದಿನ ಭಾನುವಾರ ನನ್ನ ತಂಗಿ ಮಗಳನ್ನ ನೋಡಾಕೆ ಬರ್ತಾರೆ. ನಿಮ್ಮನೇಲೇ ತೋರಿಸ್ತೀವಿ, ಇಲ್ಲ ಅನ್ಬೇಡಿ," ಅಂದ.

ಕೊಟ್ರಬಸಪ್ಪ ಗೇಟು ಎಳೆದು ಚಿಲಕ ಹಾಕಿದ. ಹಾಲಸ್ವಾಮಿ ಅದನ್ನು ಒಪ್ಪಿಗೆ ಅಂದುಕೊಂಡು ಎರಡು ಹೆಜ್ಜೆ ಹೋದವನು ತಿರುಗಿ ಬಂದ.

"ಇನ್ನೊಂದು ಮಾತಣ್ಣ. ಅವತ್ತೊಂದಿನ ಸಂಧ್ಯಾನ್ನ ಎಲ್ಲಾದ್ರೂ ಕಳಿಸಿಬಿಡ್ರಿ. ಬಂದೋರು ಗೊತ್ತಾಗ್ದೆ ಅವಳನ್ನ ಒಪ್ಕೊಂಡ್ರೆ ನಮ್ಮ ಹುಡುಗಿ ಗತಿ ಏನು!"